ಒಣಗದ ಗೋಡೆ

ಯೊನ್‌ಶಿಲ್‌ಳ ಕೋಣೆಯ ಗೋಡೆಗೆ ಕಾಗದ ಅಂಟಿಸಿದವಳು ನಾನೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನಡೆದದ್ದಕ್ಕೆ ಮನೆಯೊಡತಿಯನ್ನು ಬೈಯಬಹುದು, ಮಳೆಯನ್ನು ಬೈಯಬಹುದು, ಸರ್ಕಾರವನ್ನಂತೂ ಯಾವಾಗ ಬೇಕಾದರೂ ಬೈಯಬಹುದು. ನಾನೂ ಹೊಟ್ಟೆ ತುಂಬ ಬೈದಿದ್ದೇನೆ. ಆದರೆ ಬ್ರಷ್ಷು ಹಿಡಿದದ್ದು ನನ್ನ ಕೈ.

ಇಪ್ಪತ್ತಾರು ವರ್ಷಗಳಿಂದ ಸಿಯೋಲ್‌ನ ಈ ಗುಡ್ಡದ ಓಣಿಗಳಲ್ಲಿ ನನಗೆ ಇದೇ ಕೆಲಸ. ಬಾಡಿಗೆಯವರು ಬದಲಾದರೆ ಗೋಡೆಯ ಕಾಗದವೂ ಬದಲಾಗಬೇಕು. ಹಳಬರು ಬೆಳಿಗ್ಗೆ ಒಂಬತ್ತಕ್ಕೆ ಸಾಮಾನು ಹೊರಡಿಸುತ್ತಾರೆ, ಹೊಸಬರ ಲಾರಿ ಮಧ್ಯಾಹ್ನ ಮೂರಕ್ಕೆ ಬಂದು ನಿಲ್ಲುತ್ತದೆ, ನಡುವಿನ ಆರು ಗಂಟೆ ನನ್ನದು. ಅದೂ ಎಲ್ಲರಿಗೂ ಕೇಡಿಲ್ಲದ ದಿನವೇ ಆಗಬೇಕು. ಕಾಟ ಕೊಡುವ ಭೂತಗಳು ನಾಲ್ಕು ದಿಕ್ಕನ್ನೂ ಬಿಟ್ಟು ಮೇಲಕ್ಕೆ ಹೋಗಿರುವ ದಿನ ಅದು. ತಿಂಗಳಿಗೆ ಐದಾರು ಸಿಕ್ಕಿದರೆ ಹೆಚ್ಚು. ಆ ದಿನ ಅರ್ಧ ಊರೇ ಮನೆ ಬದಲಾಯಿಸುತ್ತದೆ. ಗೋಡೆ ಒದ್ದೆಯಿದೆ, ಹದಿನೈದು ದಿನ ಕಿಟಕಿ ತೆಗೆದಿಟ್ಟು ಒಣಗಿಸಿ ಎಂದು ಯಾರಿಗಾದರೂ ಹೇಳಿ ನೋಡಿ, ನಿಮಗೇ ತಲೆ ಕೆಟ್ಟಿದೆ ಅನ್ನುತ್ತಾರೆ. ಹಾಗಾಗಿ ನಾವು ಒದ್ದೆಯ ಮೇಲೇ ಅಂಟಿಸುತ್ತೇವೆ. ಎಲ್ಲರೂ ಹಾಗೇ ಮಾಡುತ್ತಾರೆ.

ಯೊನ್‌ಶಿಲ್ ನನಗಿಂತ ಐದು ವರ್ಷ ಚಿಕ್ಕವಳು. ರಕ್ತಸಂಬಂಧ ಏನೂ ಇಲ್ಲ. ಮಾರುಕಟ್ಟೆಯ ಪಲ್ಯದಂಗಡಿಯಲ್ಲಿ ಅವಳು ಕೆಲಸಕ್ಕಿದ್ದಳು, ನಾನು ಒಂಟಿಯಾಗಿ ಅಡುಗೆ ಮಾಡಲು ಬೇಜಾರಾಗಿ ಅಲ್ಲಿ ಪಲ್ಯ ಕೊಳ್ಳುತ್ತಿದ್ದೆ. ಮೊದಲ ದಿನವೇ "ಅಕ್ಕಾ" ಅಂದಳು. ಒಣಮೀನಿನ ಪಲ್ಯವನ್ನು ಡಬ್ಬಿಯ ಮುಚ್ಚಳ ಮುಚ್ಚಲಾಗದಷ್ಟು ತುಂಬಿಕೊಟ್ಟಳು. ನನ್ನ ಗಂಡ ತೀರಿಕೊಂಡು ಆಗ ಎರಡು ವರ್ಷ, ಮಗಳು ಬುಸಾನ್ ಸೇರಿ ಹಬ್ಬಕ್ಕೊಂದು ಫೋನು ಮಾಡುತ್ತಿದ್ದಳು. ಯೊನ್‌ಶಿಲ್‌ಳ ಗಂಡ ಎಂದೋ ಬಿಟ್ಟುಹೋಗಿದ್ದ. ನಮ್ಮಿಬ್ಬರನ್ನು ಅಕ್ಕತಂಗಿಯರು ಅಂತಲೇ ಮಾರುಕಟ್ಟೆಯವರು ತಿಳಿದಿದ್ದರು, ನಾವೂ ತಿದ್ದಲು ಹೋಗಲಿಲ್ಲ.

ಅವಳಿಗೆ ಉಬ್ಬಸ. ಹುಡುಗಿಯಾಗಿದ್ದಾಗ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಹತ್ತಿಯ ಧೂಳು ಕುಡಿದು ಬಂದದ್ದು. ಆಗ ಅವಳಿದ್ದದ್ದು ನಾಲ್ಕು ಮಹಡಿಯ ಮೇಲೆ, ತಾರಸಿಯ ಕೋಣೆಯಲ್ಲಿ. ಗಾಳಿ, ಬಿಸಿಲು ಏನೂ ಕಡಿಮೆಯಿರಲಿಲ್ಲ. ಆದರೆ ಸೊಪ್ಪಿನ ಚೀಲ ಹೊತ್ತು ಮನೆ ಸೇರುವಷ್ಟರಲ್ಲಿ ಮೂರು ಕಡೆ ಕೂರಬೇಕಿತ್ತು.

"ಹತ್ತೋ ಮನೆ ಸಾಕಾಯ್ತು ಅಕ್ಕ. ಇಳಿಯೋ ಮನೆ ಯಾವುದಾದ್ರೂ ಇದ್ರೆ ನೋಡು," ಅಂದಳು ಒಂದು ದಿನ.

ನೋಡಿದವಳೂ ನಾನೇ. ನನ್ನ ಹಳೆಯ ಗಿರಾಕಿ ಪ್ಯೊ ಅಜ್ಜಿಯ ಮನೆಯ ಕೆಳಗೆ ಅರ್ಧ ನೆಲದೊಳಗೆ ಹೂತ ಒಂದು ಕೋಣೆ ಖಾಲಿಯಾಗುವುದಿತ್ತು. ಏಳೇ ಮೆಟ್ಟಿಲು, ಅದೂ ಕೆಳಕ್ಕೆ. ಕ್ಯಾಲೆಂಡರ್ ನೋಡಿ ಫೆಬ್ರವರಿಯ ಒಂದು ಕೇಡಿಲ್ಲದ ದಿನವನ್ನೂ ನಾನೇ ಗೊತ್ತುಮಾಡಿದೆ. ಕಾಯಿಲೆಯವಳು, ಒಳ್ಳೆಯ ದಿನದಲ್ಲೇ ಕಾಲಿಡಲಿ ಅಂತ.

ಆವತ್ತು ಬೆಳಿಗ್ಗೆ ಹಳಬರು ಬೀರು ಸರಿಸಿದಾಗ ಅದರ ಹಿಂದಿನ ಗೋಡೆ ಕಂಡಿತು. ಸೊಂಟದೆತ್ತರದವರೆಗೂ ಕರ್ರಗೆ ಬೂಷ್ಟು. ಕೈಯಿಟ್ಟರೆ ಅಂಗೈ ಒದ್ದೆಯಾಯಿತು. ಗೋಡೆಯ ಆಚೆ ಬರೀ ಮಣ್ಣು, ಗುಡ್ಡದ ನೀರೆಲ್ಲ ಅಲ್ಲೇ ಜಿನುಗುತ್ತಿತ್ತು. ಇದನ್ನು ಒಣಗಿಸಬೇಕಾದರೆ ತಿಂಗಳು ಬೇಕೆಂದು ನನ್ನಂಥವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಇನ್ನೊಂದು ಒಳ್ಳೆಯ ದಿನಕ್ಕೆ ಹತ್ತು ದಿನ ಕಾಯಬೇಕಿತ್ತು. ತಾರಸಿಯ ಕೋಣೆಗೆ ಅದೇ ಮಧ್ಯಾಹ್ನ ಬೇರೆಯವರು ಬರುವವರಿದ್ದರು. ಓಣಿಯ ತುದಿಯಲ್ಲಿ ಲಾರಿ ಆಗಲೇ ಬಂದು ನಿಂತಿತ್ತು. ಮುಂದಿನ ಸೀಟಿನಲ್ಲಿ ಯೊನ್‌ಶಿಲ್ ಬೆಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ನಾನು ಬ್ಲೀಚು ಹಾಕಿ ಒರೆಸಿದೆ. ಗ್ಯಾಸಿನ ಉರಿ ಹಿಡಿದು ಮೇಲುಮೇಲೆ ಒಣಗಿಸಿದೆ. ಅದರ ಮೇಲೆ ಬೆನ್ನಿಗೆ ಸ್ಪಂಜಿರುವ ದಪ್ಪ ಹಾಳೆ ಅಂಟಿಸಿದೆ, ಚಳಿ ತಡೆಯುತ್ತದೆ ಅಂತ ಎಲ್ಲರೂ ಕೇಳಿ ಹಾಕಿಸುವಂಥದ್ದು. ಅದು ಚಳಿಯನ್ನು ತಡೆಯುತ್ತದೋ ಇಲ್ಲವೋ, ತೇವವನ್ನಂತೂ ಒಳಗೇ ಕೂಡಿಹಾಕುತ್ತದೆ. ಅದರ ಮೇಲೆ ತೆಳುಹಸಿರು ಕಾಗದ. ಗೃಹಪ್ರವೇಶಕ್ಕೆ ಬೇರೆಯವರು ರೂಢಿಯಂತೆ ಸೋಪಿನ ಪುಡಿ, ಟಾಯ್ಲೆಟ್ ಕಾಗದದ ಸುರುಳಿ ಹೊತ್ತು ತಂದರು. ನನ್ನ ಉಡುಗೊರೆ ಗೋಡೆ.

"ಏನಕ್ಕ ಇದು, ಮದುವೆ ಮನೆ ಥರ ಮಾಡಿಟ್ಟಿದ್ದೀಯಲ್ಲ!" ಎಂದು ಯೊನ್‌ಶಿಲ್ ಗೋಡೆ ಸವರಿದಳು. "ಈ ವಯಸ್ಸಲ್ಲಿ ಗಂಡು ಹುಡುಕ್ತಿದ್ದೀಯೇನು ನನಗೆ?"

"ಗಂಡು ಬಂದ್ರೆ ಗೋಡೆ ನೋಡ್ಕೊಂಡು ಇದ್ದುಬಿಡ್ತಾನೆ, ನಿನ್ನ ಮುಖ ನೋಡಬೇಕಾಗಿಲ್ಲ," ಅಂದೆ. ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ಬೇಸಿಗೆ ಕಳೆಯಿತು. ಮಳೆಗಾಲ ಒಂದು ತಿಂಗಳು ಬಿಡದೆ ಸುರಿಯಿತು. ಅದಾದ ಮೇಲೆ ಅವಳ ಉಸಿರಿಗೆ ಸಿಳ್ಳೆ ಹತ್ತಿತು. ಮೊದಲು ವಾರಕ್ಕೊಮ್ಮೆ ಬೇಕಾಗುತ್ತಿದ್ದ ಇನ್‌ಹೇಲರ್ ದಿನಕ್ಕೆರಡು ಸಲ, ಆಮೇಲೆ ನಾಲ್ಕು ಸಲ ಬೇಕಾಯಿತು. ಕೆಮ್ಮಿದರೆ ಅಂಗಡಿಯಲ್ಲಿ ಗಿರಾಕಿಗಳು ಪಲ್ಯದ ತಟ್ಟೆಯಿಂದ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಚಳಿ ಶುರುವಾದಾಗ ಆಸ್ಪತ್ರೆಗೆ ನಾನೇ ಜೊತೆಗೆ ಹೋದೆ.

ಡಾಕ್ಟರು ಕನ್ನಡಕದ ಚಿಕ್ಕ ಹುಡುಗಿ. ಒಳ್ಳೆಯವಳು, ಗಡಿಯಾರ ನೋಡದೆ ಮಾತಾಡುತ್ತಿದ್ದಳು. "ಮನೆಯಲ್ಲಿ ತೇವ ಇದೆಯಾ ಅಮ್ಮ? ಗೋಡೆ ಮೇಲೆ ಬೂಷ್ಟು ಏನಾದ್ರೂ?" ಎಂದು ಕೇಳಿದಳು.

"ಛೆ ಛೆ, ಬೂಷ್ಟಾ! ನಮ್ಮಕ್ಕ ಅಂಟಿಸಿದ ಗೋಡೆ ಡಾಕ್ಟ್ರೇ. ನೀವೇ ಬಂದು ನೋಡಿ, ಕನ್ನಡಿ ಇದ್ದ ಹಾಗಿದೆ," ಎಂದು ಯೊನ್‌ಶಿಲ್ ನನ್ನ ಕಡೆ ಹೆಮ್ಮೆಯಿಂದ ನೋಡಿದಳು.

ನಾನು ಗೋಡೆಗೆ ತೂಗುಹಾಕಿದ್ದ ಶ್ವಾಸಕೋಶದ ಚಿತ್ರವನ್ನು ನೋಡುತ್ತಾ ಕೂತೆ. ಈಗಲಾದರೂ ಹೇಳು ಎಂದು ಮನಸ್ಸು ಚುಚ್ಚಿತು. ಬಾಯಿ ಬರಲಿಲ್ಲ. ಯಾಕೆ ಎಂದರೆ ಸುಳ್ಳು ಹೇಳಲಾರೆ: ನನ್ನನ್ನು ಅಕ್ಕ ಅನ್ನುವವರು ಈ ಊರಿನಲ್ಲಿ ಅವಳೊಬ್ಬಳೇ. ಹೇಳಿದರೆ ಅವಳೂ ಹೋದಳು. ಅಷ್ಟೇ ಸಣ್ಣ ಕಾರಣ.

"ಹಾಗಾದ್ರೆ ಬೇರೇನೋ ಇದೆ. ಸಾಕಿದ ಪ್ರಾಣಿ ಇದೆಯಾ? ಹುದುಗೋ ಪದಾರ್ಥ ಮನೆಯೊಳಗೆ ಇಟ್ಟಿದ್ದೀರಾ?" ಅಂದಳು ಡಾಕ್ಟರು.

ಅಲ್ಲಿಂದ ಶುರುವಾಯಿತು. ಮೊದಲು ಹೋದದ್ದು ಸೋಯಾ ಇಟ್ಟಿಗೆಗಳು. ಅವಳು ಪ್ರತಿ ಚಳಿಗಾಲ ಕಾಳು ಬೇಯಿಸಿ ಜಜ್ಜಿ, ಇಟ್ಟಿಗೆಯಂತೆ ಕಟ್ಟಿ, ಹುಲ್ಲಿನ ಹಗ್ಗದಲ್ಲಿ ಸೂರಿಗೆ ತೂಗುಬಿಡುತ್ತಿದ್ದಳು. ಮೇಲೆ ಬೆಳ್ಳಗೆ ಬೂಷ್ಟು ಕಟ್ಟಿದಷ್ಟೂ ಅದರಿಂದ ಮಾಡುವ ಉಪ್ಪಿನ ಗೊಜ್ಜು ರುಚಿಯಾಗುತ್ತದೆ. ಅವಳ ತಾಯಿ ಕಲಿಸಿದ ಒಂದೇ ವಿದ್ಯೆ ಅದು. ಎಂಟು ಇಟ್ಟಿಗೆಗಳನ್ನೂ ಕಸದ ಚೀಲಕ್ಕೆ ಹಾಕಿ ಬೀದಿಯ ತುದಿಯಲ್ಲಿಟ್ಟು ಬಂದಳು. ಉಬ್ಬಸ ಕಡಿಮೆಯಾಗಲಿಲ್ಲ.

ಆಮೇಲೆ ಬೆಕ್ಕು. ನಬಿ, ಅಂದರೆ ಚಿಟ್ಟೆ, ಎಂದು ಅದರ ಹೆಸರು, ಒಂದು ಕಣ್ಣು ಕಾಣದ ಮುದಿ ಬೆಕ್ಕು. ಇಂಚಿಯೋನ್‌ನಲ್ಲಿ ಯಾರೋ ಹಳೆಯ ಗಿರಾಕಿ ಸಾಕುತ್ತೇನೆ ಅಂದರು. ಹಣ್ಣಿನ ಪೆಟ್ಟಿಗೆಗೆ ತೂತು ಕೊರೆದು, ಒಳಗೆ ತನ್ನ ಹಳೆಯ ಸ್ವೆಟರ್ ಹಾಸಿ ಅದನ್ನು ಕೂರಿಸಿದಳು. ಬಸ್ಸಿನಲ್ಲಿ ಅದು ದಾರಿಯುದ್ದ ಕೂಗಿತಂತೆ.

"ಅಲ್ಲಿ ಬಿಸಿಲು ಬೀಳೋ ಕಿಟಕಿ ಇದೆ ಅಕ್ಕ. ಅದಕ್ಕಾದ್ರೂ ಸಿಕ್ತಲ್ಲ," ಎಂದು ನಕ್ಕಳು. ನಗುವಿನ ಬೆನ್ನಿಗೇ ಕೆಮ್ಮು ಬಂತು. ಕೆಮ್ಮಿ ಮುಗಿಯುವಷ್ಟು ಹೊತ್ತು ನಾನು ಅವಳ ಬೆನ್ನು ಉಜ್ಜಿದೆ. ನನ್ನ ಎದುರಿಗೇ ತೆಳುಹಸಿರು ಗೋಡೆಯಿತ್ತು. ಹತ್ತಿರ ಹೋದರೆ ಹಸಿ ಅಣಬೆಯ ವಾಸನೆ ಬರುತ್ತಿತ್ತು. ನನ್ನ ಮೂಗು ಆ ವಾಸನೆಯನ್ನು ಇಪ್ಪತ್ತಾರು ವರ್ಷದಿಂದ ಬಲ್ಲದು.

ಮೂರನೆಯದು ಕೆಲಸ. ಕರಿದ ಎಣ್ಣೆಯ ಹೊಗೆಯೇ ಕಾರಣ ಇರಬೇಕು ಎಂದು ಅಂಗಡಿಯನ್ನೂ ಬಿಟ್ಟಳು. ಈಗ ಇಡೀ ದಿನ ಆ ಕೋಣೆಯಲ್ಲೇ ಇರತೊಡಗಿದಳು. ಉಸಿರು ಇನ್ನಷ್ಟು ಕೆಟ್ಟಿತು. ತನ್ನ ಮೈಯೇ ಸರಿಯಿಲ್ಲ, ಹುಟ್ಟಾ ಕೆಟ್ಟ ಮೈ ಎಂದು ಅವಳು ತೀರ್ಮಾನಿಸಿದಳು.

ಮರು ವರ್ಷದ ಮಳೆಗಾಲವೂ ಹಾಗೇ ಹೋಯಿತು. ಆಗಸ್ಟಿನಲ್ಲಿ ಆ ಡಾಕ್ಟರೇ ಒಂದು ದಾರಿ ತೋರಿಸಿದಳು. ನೆಲದೊಳಗಿನ ಕೋಣೆಗಳಲ್ಲಿ ಕಾಯಿಲೆ ಬಿದ್ದವರಿಗೆ ನಮ್ಮ ವಾರ್ಡಿನ ಕಚೇರಿ ಮೇಲಿನ ಮನೆ ಕೊಡುತ್ತದೆ, ಅರ್ಜಿ ಹಾಕಿ ಅಂದಳು. ಕಾಗದಪತ್ರ ಬರೆದುಕೊಟ್ಟಳು. ಯೊನ್‌ಶಿಲ್ ಆ ಕಟ್ಟಡವನ್ನು ಹುಡುಕಿಕೊಂಡು ಹೋಗಿ ಹೊರಗಿನಿಂದ ನೋಡಿ ಬಂದಳು.

"ಆರು ಮಹಡಿ ಅಕ್ಕ, ಲಿಫ್ಟ್ ಇದೆ! ದಕ್ಷಿಣಕ್ಕೆ ಕಿಟಕಿ. ಬಟ್ಟೆ ಒಣಹಾಕೋಕೆ ಬೇರೆ ಜಾಗ. ನಾನು ಕೆಳಗೆ ನಿಂತು ನೋಡ್ತಾ ಇದ್ರೆ ಒಬ್ಬ ಕಾವಲುಗಾರ ಬಂದು ಯಾರು ಬೇಕು ಅಂದ. ನನ್ನನ್ನೇ ಹುಡುಕ್ತಿದ್ದೀನಿ ಅಂದೆ."

ಅವಳ ಮುಖ ಅಷ್ಟು ಬೆಳಗಿದ್ದನ್ನು ನಾನು ಎಷ್ಟೋ ತಿಂಗಳಿಂದ ಕಂಡಿರಲಿಲ್ಲ. ಆ ಮನೆ ಸಿಕ್ಕಿಬಿಟ್ಟರೆ ಅವಳೂ ಬದುಕಿದಳು, ನಾನೂ ಬಾಯಿ ಬಿಡದೆ ಪಾರಾದೆ. ದಿನಾ ಬೆಳಿಗ್ಗೆ ಎದ್ದು ಅದನ್ನೇ ಬೇಡಿಕೊಂಡೆ.

ಸೆಪ್ಟೆಂಬರಿನ ಗುರುವಾರ ಹತ್ತು ಗಂಟೆಗೆ ಕಚೇರಿಯವರು ಕೋಣೆ ನೋಡಲು ಬರುತ್ತಾರೆ ಎಂದು ಫೋನು ಬಂತು. ಬುಧವಾರ ಬೆಳಿಗ್ಗೆ ಯೊನ್‌ಶಿಲ್ ನನ್ನನ್ನು ಕರೆಸಿದಳು. ನೆಲ ಮೂರು ಸಲ ಒರೆಸಿದ್ದಳು, ಹೊದಿಕೆಗಳನ್ನು ಅಂಚಿಗೆ ಅಂಚು ಕೂಡಿಸಿ ಮಡಚಿಟ್ಟಿದ್ದಳು. ಕಿಟಕಿಯ ಕೆಳಗೆ ಬೆರಳು ತೋರಿಸಿದಳು. ಕಾಗದ ಉಬ್ಬಿ, ಜೋಡಣೆ ಬಿಟ್ಟು, ಬಿರುಕಿನಿಂದ ಕಪ್ಪು ಇಣುಕುತ್ತಿತ್ತು.

"ಇಷ್ಟು ದಿನ ಹೇಗಿತ್ತು, ಈಗ ನೋಡು. ಕೆಮ್ಮಿ ಕೆಮ್ಮಿ ಗೋಡೆಗೂ ಕಾಯಿಲೆ ಅಂಟಿಸಿದ್ದೀನಿ. ನಾಳೆ ಅವ್ರು ಬಂದು ನೋಡಿದ್ರೆ ಏನಂತಾರೆ ಅಕ್ಕ? ಎಂಥ ಕೊಳಕಿ, ಇವಳಿಗೆ ಹೊಸ ಮನೆ ಕೊಟ್ರೆ ಅದನ್ನೂ ಹಾಳುಮಾಡ್ತಾಳೆ ಅನ್ನಲ್ವಾ?"

ಮನೆಗೆ ದೊಡ್ಡವರು ಬರುತ್ತಾರೆಂದರೆ ಹರಿದದ್ದನ್ನು ಮುಚ್ಚುವುದು, ಇರುವುದರಲ್ಲಿ ಚೆನ್ನಾದದ್ದನ್ನು ಮುಂದಿಡುವುದು ನಮ್ಮ ಹುಟ್ಟುಗುಣ. ಸತ್ತವರ ಮನೆಯವರೂ ಮೊದಲು ಬಾಗಿಲು ಒರೆಸುತ್ತಾರೆ. ನಾನು ಯೋಚಿಸಲೇ ಇಲ್ಲ. ಅಲ್ಲ, ಒಂದು ಯೋಚನೆ ಬಂತು: ಮುಚ್ಚಿದರೆ ನನ್ನ ತಪ್ಪೂ ಮುಚ್ಚುತ್ತದೆ. ಓಡಿಹೋಗಿ ಉಳಿದಿದ್ದ ಹಸಿರು ಕಾಗದದ ಸುರುಳಿ ತಂದು, ಮೂಲೆಯಿಂದ ಮೂಲೆಗೆ ಹೊಸ ಹಾಳೆ ಎಳೆದೆ. ಅಷ್ಟು ನಾಜೂಕಿನ ಕೆಲಸ ನಾನು ಜನ್ಮದಲ್ಲಿ ಮಾಡಿರಲಿಲ್ಲ.

ಕಚೇರಿಯಿಂದ ಬಂದವನು ಒಬ್ಬ ಯುವಕ. ಚಪ್ಪಲಿ ಬಿಟ್ಟು ಒಳಗೆ ಬಂದು ಎರಡು ಸಲ ಬಗ್ಗಿ ನಮಸ್ಕರಿಸಿದ. ನಾನು ಪಿಯರ್ ಹಣ್ಣು ಹೆಚ್ಚಿ ತಟ್ಟೆಯಲ್ಲಿಟ್ಟೆ. ಯೊನ್‌ಶಿಲ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಇನ್‌ಹೇಲರ್ ಜೇಬಿನೊಳಗಿತ್ತು, ಅವಳ ಕೈ ಅದನ್ನು ಹಿಡಿದಿತ್ತು, ಆದರೆ ಅವನೆದುರಿಗೆ ತೆಗೆಯಲಿಲ್ಲ. ಕೆಮ್ಮು ಬಂದಾಗೆಲ್ಲ ಬಾಯಿ ಬಿಗಿಹಿಡಿದು ನುಂಗಿದಳು.

ಅವನು ನಾಲ್ಕೂ ಗೋಡೆಯ ಫೋಟೋ ತೆಗೆದ. "ಎಷ್ಟು ಚೆನ್ನಾಗಿಟ್ಟಿದ್ದೀರಮ್ಮ. ಇಂಥ ಕೋಣೆಗಳಲ್ಲಿ ಇಷ್ಟು ಶುಭ್ರವಾಗಿ ಇರೋದನ್ನ ನಾನು ನೋಡೇ ಇಲ್ಲ," ಅಂದ.

"ಅಯ್ಯೋ, ಏನಿಲ್ಲಪ್ಪ, ಅಷ್ಟಕ್ಕಷ್ಟೆ," ಎಂದು ಯೊನ್‌ಶಿಲ್ ನಾಚಿದಳು.

ಅವನ ಕೈಯಲ್ಲಿದ್ದ ಹಾಳೆ ನನಗೆ ಕಾಣುತ್ತಿತ್ತು. ಬೂಷ್ಟು, ಎಷ್ಟು ಗೋಡೆಗಳಲ್ಲಿ ಎಂಬುದರ ಮುಂದೆ ಅವನು ಇಲ್ಲ ಎಂದು ಬರೆದ. ಆಗ ನನಗೆ ಅರ್ಥವಾಯಿತು. ಅವನು ಹುಡುಕುತ್ತಿದ್ದದ್ದೇ ಅದನ್ನು. ಆ ಕಪ್ಪಿಗೇ ಅಂಕ ಇದ್ದದ್ದು. ನನ್ನ ಉಗುರಿಗೆ ಆ ಜೋಡಣೆ ಎಲ್ಲಿದೆ ಎಂದು ಗೊತ್ತಿತ್ತು. ಎದ್ದು ಒಂದು ಸಲ ಎಳೆದಿದ್ದರೆ ಆಗುತ್ತಿತ್ತು. ನಾನು ಹಣ್ಣಿನ ತಟ್ಟೆಯನ್ನು ಅವನ ಮುಂದೆ ಸರಿಸಿ, "ಇನ್ನೊಂದು ತಗೊಳ್ಳಿ," ಅಂದೆ.

ಅಕ್ಟೋಬರಿನಲ್ಲಿ ಉತ್ತರ ಬಂತು. ಅರ್ಜಿ ಈ ಸಲ ಅರ್ಹವಾಗಿಲ್ಲ. ಯೊನ್‌ಶಿಲ್ ಕಾಗದವನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಒಂದೊಂದೇ ಸಾಲು ಓದಿದಳು. ಕೊನೆಗೆ ನಕ್ಕಳು.

"ಇಲ್ಲಿ ನೋಡಕ್ಕ. ಕೋಣೆಯ ಒಳಸ್ಥಿತಿ, ಉತ್ತಮ. ನಿನ್ನ ಕೆಲಸಕ್ಕೆ ಸರ್ಕಾರವೇ ಸರ್ಟಿಫಿಕೇಟ್ ಕೊಟ್ಟಿದೆ. ಚೌಕಟ್ಟು ಹಾಕಿಸಿ ನಿನ್ನ ಮನೇಲಿ ತೂಗುಹಾಕು."

ಅವಳು ಕುಹಕಕ್ಕೆ ಹೇಳಿದ್ದಲ್ಲ, ನನ್ನನ್ನು ನಗಿಸಲು ಹೇಳಿದ್ದು. ಅದೇ ನನ್ನನ್ನು ಸುಟ್ಟಿತು. ನಾನು ಎದ್ದೆ. ಕಿಟಕಿಯ ಕೆಳಗೆ ಉಗುರು ತೂರಿಸಿ ಎರಡೂ ಕೈಯಿಂದ ಎಳೆದೆ. ಹಸಿರು ಕಾಗದ, ಅದರ ಹಿಂದಿನ ದಪ್ಪ ಹಾಳೆ, ಅದರ ಬೆನ್ನಿಗಂಟಿದ ಕಪ್ಪು ಲೋಳೆ ಎಲ್ಲ ಒಟ್ಟಿಗೇ ಕಳಚಿ ನೆಲಕ್ಕೆ ಬಿತ್ತು. ಗೋಡೆ ಮೇಲಿಂದ ಕೆಳಗಿನವರೆಗೆ ಕಪ್ಪಾಗಿತ್ತು.

"ನನಗೆ ಮೊದಲ ದಿನದಿಂದ ಗೊತ್ತಿತ್ತು ಕಣೇ!" ಎಂದು ಕೂಗಿದೆ. "ಒದ್ದೆ ಗೋಡೆ ಮೇಲೆ ಅಂಟಿಸಿದೆ. ಬೆಕ್ಕಲ್ಲ, ಎಣ್ಣೆ ಅಲ್ಲ, ನಿನ್ನ ಮೈ ಅಲ್ಲ. ಇದು. ನಾನು."

ಹುಚ್ಚಿ ನಾನು. ಬೂಷ್ಟಿನ ಗೋಡೆ ಕೀಳುವಾಗ ಕಿಟಕಿ ತೆಗೆದು, ನೀರು ಚಿಮುಕಿಸಿ, ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಬೇಕು ಎಂದು ಹೊಸ ಕೆಲಸಗಾರರಿಗೆ ಪಾಠ ಹೇಳುವವಳು, ಉಬ್ಬಸದವಳನ್ನು ಎದುರಿಗೆ ಕೂರಿಸಿಕೊಂಡು ಕಿತ್ತಿದ್ದೆ. ಯೊನ್‌ಶಿಲ್ ಗೋಡೆಯನ್ನೇ ನೋಡುತ್ತಿದ್ದಳು. ಏನೋ ಹೇಳಲು ಬಾಯಿ ತೆರೆದಳು, ಮಾತು ಬರಲಿಲ್ಲ, ಸಿಳ್ಳೆ ಬಂತು. ಇನ್‌ಹೇಲರ್ ಒತ್ತಿದಳು, ಮತ್ತೆ ಒತ್ತಿದಳು. ಕುತ್ತಿಗೆಯ ನರ ಹಗ್ಗದಂತೆ ಬಿಗಿಯಿತು, ತುಟಿ ನೀಲಿಯಾಯಿತು. ಆಂಬುಲೆನ್ಸಿನವರು ಬಂದು ಆ ಏಳು ಮೆಟ್ಟಿಲ ಮೇಲೆ ಅವಳನ್ನು ಎತ್ತಿಕೊಂಡು ಹೋದರು.

ಮೂರು ದಿನ ಕೊಳವೆಯಲ್ಲಿ ಉಸಿರಾಡಿದಳು. ನಾಲ್ಕನೆಯ ದಿನ ಅದನ್ನು ತೆಗೆದರು. ನಾನು ಅನ್ನದ ಗಂಜಿ ಹಿಡಿದು ಪಕ್ಕದಲ್ಲಿ ಕೂತಿದ್ದೆ. ಅವಳ ಗಂಟಲಿಂದ ಹೊರಟ ಮೊದಲ ಮಾತು ಇದು:

"ನಬೀನ ಕೊಡುವಾಗ ಯಾಕೆ ಸುಮ್ನಿದ್ದೆ ಅಕ್ಕ?"

ನಾನು ಗಂಜಿಯ ಚಮಚ ಮುಂದೆ ಹಿಡಿದೆ. ಅವಳು ಮುಖ ಆಚೆ ತಿರುಗಿಸಿದಳು. ಎರಡು ದಿನ ಮಾತಾಡಲಿಲ್ಲ. ಗಂಜಿ ಮಾತ್ರ ಕುಡಿದಳು. ಮೂರನೆಯ ದಿನ, "ಉಪ್ಪು ಕಮ್ಮಿ," ಅಂದಳು. ಆಸ್ಪತ್ರೆಯ ಕಾರಿಡಾರಿಗೆ ಹೋಗಿ ನಾನು ಮನಸಾರೆ ಅತ್ತೆ.

ಅಲ್ಲಿಂದ ನೇರ ಕಚೇರಿಗೆ ಹೋದೆ. ಅದೇ ಯುವಕ ಇದ್ದ. ನನ್ನ ಫೋನಿನಲ್ಲಿದ್ದ ಕಪ್ಪು ಗೋಡೆಯ ಫೋಟೋ ನೋಡಿ ಅವನ ಮುಖ ಬಿಳಿಚಿಕೊಂಡಿತು.

"ಇದನ್ನ ಅವತ್ತೇ ತೋರಿಸಬಾರದಿತ್ತಾ ಅಮ್ಮ? ಈಗ ಬರೀ ಫೋಟೋ ನಡೆಯಲ್ಲ. ನಾನೇ ತೆಗೆದ ಫೋಟೋ ಬೇರೆ ಹೇಳುತ್ತಲ್ಲ. ಮತ್ತೆ ಅರ್ಜಿ ಹಾಕಿ, ಜನವರಿಯಲ್ಲಿ ಬಂದು ನೋಡ್ತೀವಿ. ಆದ್ರೆ ಅವ್ರು ಅಲ್ಲೇ ವಾಸ ಇರಬೇಕು. ಗೋಡೆ ಹೇಗಿದೆಯೋ ಹಾಗೇ ಇರಬೇಕು."

"ಅಲ್ಲಿ ಇದ್ರೆ ಅವಳು ಸಾಯ್ತಾಳಪ್ಪ."

"ಬಿಟ್ಟು ಹೋದ್ರೆ ಪಟ್ಟಿಯಿಂದ ಹೆಸರು ಹೋಗುತ್ತೆ," ಎಂದು ತಲೆ ತಗ್ಗಿಸಿದ. ನಿಯಮ ಅವನು ಮಾಡಿದ್ದಲ್ಲ, ಅವನ ಮೇಲೆ ಕೂಗಿ ಪ್ರಯೋಜನವಿರಲಿಲ್ಲ. ಆದರೂ ಸ್ವಲ್ಪ ಕೂಗಿದೆ.

ನನ್ನದೂ ಒಂದೇ ಕೋಣೆ, ಮೂರನೇ ಮಹಡಿ, ಲಿಫ್ಟಿಲ್ಲ. ಆದರೆ ಒಣಗಿದ ಕೋಣೆ. "ಬಂದುಬಿಡೇ, ಬೆನ್ನ ಮೇಲೆ ಹೊತ್ತು ಹತ್ತಿಸ್ತೀನಿ," ಎಂದು ಅವಳ ಕಾಲು ಹಿಡಿದೆ.

"ನಿನ್ನ ಮನೇಲಿ ಎಷ್ಟು ದಿನ ಅಕ್ಕ? ಒಂದು ವರ್ಷ? ಎರಡು? ಆಮೇಲೆ?" ಅವಳು ಒಂದೊಂದು ಮಾತಿಗೂ ನಿಂತು ಉಸಿರು ಎಳೆದುಕೊಳ್ಳುತ್ತಿದ್ದಳು. "ನನಗೆ ಆ ಲಿಫ್ಟಿನ ಮನೆ ಬೇಕು. ಕೆಳಗೆ ನಿಂತು ನೋಡಿ ಬಂದಿದ್ದೀನಿ. ಗೋಡೆ ಹಾಗೇ ಇರ್ಲಿ, ನೀನು ಮುಟ್ಟಬೇಡ."

ಹೀಗೆ ಅವಳು ಆ ಕಪ್ಪು ಗೋಡೆಯ ಕೋಣೆಗೇ ಮರಳಿದಳು. ಇಡೀ ನವೆಂಬರ್, ಡಿಸೆಂಬರ್ ಮುಖಕ್ಕೆ ಮಾಸ್ಕು ಕಟ್ಟಿಕೊಂಡು, ಒಲೆಯ ಪಕ್ಕದ ಇಕ್ಕಟ್ಟಿನಲ್ಲಿ ಮಲಗಿದಳು. ಹಗಲು ಸಾಧ್ಯವಾದಷ್ಟು ಹೊತ್ತು ವಾರ್ಡಿನ ಗ್ರಂಥಾಲಯದಲ್ಲೋ ಬ್ಯಾಂಕಿನ ಬೆಂಚಿನ ಮೇಲೋ ಕೂತಿರುತ್ತಿದ್ದಳು. ಹೊರಗಿನ ಚಳಿಗೂ ಉಬ್ಬಸ ಬರುತ್ತಿತ್ತು, ಒಳಗಿನ ಬೂಷ್ಟಿಗೂ ಬರುತ್ತಿತ್ತು. ಎರಡರಲ್ಲಿ ಯಾವುದು ಆ ದಿನ ಕಡಿಮೆ ಎಂದು ಬೆಳಿಗ್ಗೆ ಎದ್ದು ಲೆಕ್ಕ ಹಾಕುತ್ತಿದ್ದಳು. ನಾನು ದಿನಾ ಬಿಸಿ ಸಾರು ತಂದುಕೊಡುತ್ತಿದ್ದೆ. ಮೊದಲಿನಂತೆ ತಮಾಷೆ ಮಾಡುತ್ತಿರಲಿಲ್ಲ, ಆದರೆ ಅಕ್ಕ ಅನ್ನುವುದನ್ನು ಬಿಡಲಿಲ್ಲ. ಅದಕ್ಕೆ ನಾನು ಯೋಗ್ಯಳಲ್ಲ.

ಪ್ಯೊ ಅಜ್ಜಿ ಓಣಿಯಲ್ಲಿ ಸಿಕ್ಕಾಗಲೆಲ್ಲ ನನ್ನನ್ನು ತಡೆದು ನಿಲ್ಲಿಸುತ್ತಿದ್ದಳು.

"ಕಾಗದದಮ್ಮ, ಆ ಗೋಡೆ ಯಾವಾಗ ಮುಚ್ತೀಯಾ? ನನ್ನ ಮನೆ ಮಾನ ಬೀದಿಗೆ ಬಂದಿದೆ. ಕಚೇರಿಯೋರು ಬಂದು ಬರ್ಕೊಂಡು ಹೋದ್ರೆ ನಾಳೆ ಯಾವ ಬಾಡಿಗೆಯೋರು ಬರ್ತಾರೆ? ಆ ಕೋಣೆಯಿಂದಲೇ ನನ್ನ ಔಷಧಿ ನಡೆಯೋದು."

"ನಾನು ಮುಚ್ಚಲ್ಲ ಅಜ್ಜಿ."

"ಇಪ್ಪತ್ತು ವರ್ಷದಿಂದ ನನ್ನ ಮನೆ ಗೋಡೆ ಮುಚ್ಚಿದೋಳು ಯಾರು ಮತ್ತೆ? ಈಗ ನನ್ನನ್ನ ಪಾಪಿ ಅಂತೀಯಾ?"

ಮುದುಕಿ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಜನವರಿಯ ಬುಧವಾರ ಹತ್ತು ಗಂಟೆಗೆ ಬರುತ್ತೇವೆ ಎಂದು ಕಚೇರಿಯಿಂದ ಹೇಳಿದರು. ಮಂಗಳವಾರ ಬೆಳಿಗ್ಗೆ ಯೊನ್‌ಶಿಲ್‌ಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಮಧ್ಯಾಹ್ನ ಎರಡರ ಹೊತ್ತಿಗೆ ಮರಳಿ ಬಂದು ಬಾಗಿಲು ತೆಗೆದರೆ ಕೋಣೆ ಬೆಳ್ಳಗೆ ಹೊಳೆಯುತ್ತಿತ್ತು. ನಾಲ್ಕೂ ಗೋಡೆಗೆ ಹೊಸ ಕಾಗದ. ಅಂಟಿನ ಹಸಿ ವಾಸನೆ. ಪ್ಯೊ ಅಜ್ಜಿ ತನ್ನ ಕೀಲಿಯಿಂದ ತೆಗೆಸಿ, ಯಾರನ್ನೋ ಕರೆಸಿ ಮುಗಿಸಿದ್ದಳು.

ಯೊನ್‌ಶಿಲ್ ಒಳಗೆ ಹೋಗಿ ಬೆರಳಿಂದ ಜೋಡಣೆಯನ್ನು ಸವರಿದಳು. "ಕೆಲಸ ಬಲ್ಲೋರೇ ಅಂಟಿಸಿದ್ದಾರೆ," ಅಂದಳು.

ಮೇಲಕ್ಕೆ ಹೋಗಿ ಆ ಮುದುಕಿಯ ಬಾಗಿಲು ಮುರಿಯಬೇಕು ಅನ್ನಿಸಿತು. ಆದರೆ ನಾಳೆ ಹತ್ತು ಗಂಟೆಗೆ ಆ ಯುವಕ ಬಂದು ಮತ್ತೆ ಇಲ್ಲ ಎಂದು ಬರೆದುಕೊಂಡು ಹೋಗುತ್ತಾನೆ. ಮುಂದಿನ ಸರದಿ ಬೇಸಿಗೆಗೆ. ಅಲ್ಲಿಯವರೆಗೆ ಅವಳ ಉಸಿರು ಉಳಿಯುವುದಿಲ್ಲ ಎಂದು ಆವತ್ತು ಬೆಳಿಗ್ಗೆ ತಾನೇ ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದಳು. ಕೀಳೋಣವೆಂದರೆ ಹಿಂದಿನ ಸಲ ಕಿತ್ತಾಗ ಏನಾಯಿತೆಂದು ಇಬ್ಬರಿಗೂ ಗೊತ್ತಿತ್ತು.

ಯೊನ್‌ಶಿಲ್ ಬೀರುವಿನಿಂದ ದಪ್ಪ ಕೋಟು ತೆಗೆದಳು, ಎರಡು ಮಾಸ್ಕು ಒಂದರ ಮೇಲೊಂದು ಹಾಕಿಕೊಂಡಳು.

"ಕಿತ್ತುಹಾಕು ಅಕ್ಕ. ನಾನು ಹೊರಗೆ ಕೂತಿರ್ತೀನಿ."

"ಹೊರಗೆ ನೀರು ಹೆಪ್ಪುಗಟ್ಟಿದೆ ಕಣೇ. ಆ ಗಾಳಿ ನಿನಗೆ ವಿಷ. ಗ್ರಂಥಾಲಯಕ್ಕೆ ಬಿಟ್ಟು ಬರ್ತೀನಿ ನಡಿ."

"ಗುಡ್ಡ ಇಳಿದು ಹತ್ತೋಕೆ ನನ್ನಲ್ಲಿ ಉಸಿರಿಲ್ಲ. ಮಾತಾಡಿಸಬೇಡ. ಬೇಗ ಮಾಡು."

ಒಂದೊಂದು ಮೆಟ್ಟಿಲಿಗೂ ನಿಂತು ಏಳು ಮೆಟ್ಟಿಲು ಹತ್ತಿದಳು. ಧೂಳು ಅವಳತ್ತ ಹೋಗದಂತೆ ನಾನು ಬಾಗಿಲು, ಕಿಟಕಿ ಎರಡನ್ನೂ ಮುಚ್ಚಿದೆ, ನೀರು ಚಿಮುಕಿಸಿದೆ, ಮುಖಕ್ಕೆ ಬಟ್ಟೆ ಕಟ್ಟಿದೆ, ಕೀಳತೊಡಗಿದೆ. ಆ ಕೋಣೆಯ ಕಿಟಕಿ ಬೀದಿಯ ಮಟ್ಟಕ್ಕಿದೆ. ಅದರಿಂದ ಅವಳ ಎರಡು ಪಾದ ಮಾತ್ರ ಕಾಣುತ್ತಿದ್ದವು, ಚಳಿಗೆ ಒಂದನ್ನೊಂದು ಉಜ್ಜುತ್ತಿದ್ದವು. ಗಾಜಿನಾಚೆ ಕೆಮ್ಮು ಕೇಳುತ್ತಿತ್ತು. ಕೆಮ್ಮು ಕೇಳುತ್ತಿರುವಷ್ಟು ಹೊತ್ತೂ ನನ್ನ ಕೈ ಓಡುತ್ತಿತ್ತು. ಗೋಡೆಯನ್ನು ಮುಚ್ಚಲು ನನಗೆ ಆರು ಗಂಟೆ ಸಾಕಾಗುತ್ತಿತ್ತು, ತೆರೆಯಲು ಎಷ್ಟು ಬೇಕೆಂದು ಗೊತ್ತಿರಲಿಲ್ಲ. ಯಾರೂ ಇದುವರೆಗೆ ಆ ಕೆಲಸ ಕೊಟ್ಟಿರಲಿಲ್ಲ.

ಮೂರನೆಯ ಗೋಡೆಯ ಕೊನೆಯ ಹಾಳೆ ಕಿತ್ತಾಗ ಹೊರಗೆ ಸದ್ದು ನಿಂತಿತ್ತು. ಪಾದಗಳೂ ಅಲುಗುತ್ತಿರಲಿಲ್ಲ. ಕೈಯಲ್ಲಿದ್ದದ್ದನ್ನು ಎಸೆದು ಕಿಟಕಿಗೆ ಓಡಿ ಗಾಜು ಬಡಿದೆ.

"ಯೊನ್‌ಶಿಲ್! ಲೇ ಯೊನ್‌ಶಿಲ್!"

ಎರಡೂ ಅಂಗೈಯಿಂದ ಮತ್ತೆ ಬಡಿದೆ. ಆಮೇಲೆ ಕೈಗವಸು ಹಾಕಿದ ಅವಳ ಕೈ ಕೆಳಕ್ಕೆ ಬಂದು ಕಿಟಕಿಯ ಸರಳನ್ನು ಹಿಡಿಯಿತು.

"ಇದ್ದೀನಿ," ಅಂದಳು. ಮತ್ತೆ ಉಸಿರು ಎಳೆದುಕೊಳ್ಳಲು ಬಹಳ ಹೊತ್ತು ಹಿಡಿಯಿತು. "ನೀನು ಕೆಲಸ ಮಾಡು."

ನಾನು ಗೋಡೆಯ ಕಡೆ ತಿರುಗಿದೆ. ಇನ್ನೂ ಒಂದು ಉಳಿದಿತ್ತು.